ಚಳಿಗೆ ಕೋಳಿಗೂಡು

ಇಂದು ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ಗಿರಿರಾಜ ತಳಿಯ ಹೇಂಟೆಯೊಂದು ಮೈಗರಿಗಳನ್ನೆಲ್ಲ ಉಬ್ಬಿಸಿಕೊಂಡು, ಕಾಲ್ಬೆರಳುಗಳನ್ನು ಹೊಟ್ಟೆಯ ಗರಿಗಳಡಿ ಅಡಗಿಸಿಕೊಂಡು, ಹತ್ತಿಯ ಉಂಡೆಯಂತೆ ಅಡ್ಡಗಳುವಿನ ಮೇಲೆ ಕುಳಿತಿತ್ತು. ಕೋಳಿಯ ಮೈಶಾಖ 41 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಅದನ್ನು ಹಿಡಿದಿಡುತ್ತದೆ.

ಗೂಡಿನ ಸುತ್ತಲೂ ಪ್ಲಾಸ್ಟಿಕ್ ಹಾಳೆ ಬಿಗಿದು ಪೂರ್ತಿ ಮುಚ್ಚಿಬಿಡಿ ಎಂದು ನೆರೆಯವರು ಹೇಳಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಉಸಿರಿನಿಂದಲೂ ಹಿಕ್ಕೆಯಿಂದಲೂ ರಾತ್ರಿಯಿಡೀ ಏಳುವ ತೇವಕ್ಕೆ ಹೊರದಾರಿ ಇಲ್ಲದಿದ್ದರೆ ಹಾಸು ಒದ್ದೆಯಾಗಿ, ಬೆಳಗಾಗುವಷ್ಟರಲ್ಲಿ ಅಮೋನಿಯದ ಘಾಟು ನಮ್ಮ ಕಣ್ಣನ್ನೇ ಉರಿಸುತ್ತದೆ. ಅದರಲ್ಲೇ ಉಸಿರಾಡುವ ಕೋಳಿಗಳಿಗೆ ಕೆಮ್ಮು, ನೆಗಡಿ ತಪ್ಪುವುದಿಲ್ಲ. ಒಣಚಳಿಯನ್ನು ಅವು ತಾಳಿಕೊಳ್ಳುತ್ತವೆ, ತೇವ ಬೆರೆತ ಚಳಿಯನ್ನಲ್ಲ. ಹೀಗಾಗಿ ಗಾಳಿ ಬೀಸುವ ಮಗ್ಗುಲಿಗೆ ಮಾತ್ರ ಗೋಣಿಚೀಲಗಳನ್ನು ಇಳಿಬಿಟ್ಟು, ಸೂರಿನಡಿಯ ಕಿಂಡಿಯನ್ನು ತೆರೆದೇ ಇಟ್ಟು, ನೆಲಕ್ಕೆ ಭತ್ತದ ಹೊಟ್ಟನ್ನು ದಪ್ಪನಾಗಿ ಹರಡಿದ್ದೇನೆ. ಸಂಜೆ ಒಂದಿಷ್ಟು ಮುಸುಕಿನ ಜೋಳ ಹೆಚ್ಚುವರಿ.

ಮರಿಗಳ ಮಾತು ಬೇರೆ. ಗರಿ ಬಲಿಯುವವರೆಗೆ ಅವು ತಮ್ಮ ಶಾಖವನ್ನು ತಾವೇ ಕಾಯ್ದುಕೊಳ್ಳಲಾರವು. ಮೊದಲ ವಾರ ಸುಮಾರು 33ರಿಂದ 35 ಡಿಗ್ರಿ ಬೇಕು, ಬಳಿಕ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಶಾಖಕ್ಕೆಂದು ಉರಿಸುವ ಬಲ್ಬಿನ ಕೆಳಗೆ ಮರಿಗಳು ಒಂದರ ಮೇಲೊಂದು ಬಿದ್ದು ಚೀಂಗುಟ್ಟಿದರೆ ಚಳಿ, ದೂರ ಸರಿದು ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ, ಹರಡಿಕೊಂಡು ಹೊಟ್ಟು ಕೆದಕುತ್ತಿದ್ದರೆ ಎಲ್ಲವೂ ಸರಿ. ಥರ್ಮಾಮೀಟರ್ ತರಿಸಬೇಕೆಂದು ಮನೆಯಲ್ಲಿ ಚರ್ಚೆ ನಡೆದಿದೆ, ಆದರೆ ನನಗೇನೋ ಮರಿಗಳ ಗುಂಪನ್ನೇ ಹೆಚ್ಚು ನಂಬಬೇಕೆನಿಸುತ್ತದೆ.