ಮಿಡ್ ಕ್ಯಾಪ್ ಫಂಡಿನೊಳಗೆ ಇನ್ನೇನಿದೆ?

ಇನ್ಫೋಸಿಸ್ ಲಾರ್ಜ್ ಕ್ಯಾಪ್ ಅನ್ನಿಸಿಕೊಂಡಿರುವುದು ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್ ದೊಡ್ಡದಿದೆ ಅಂತಲ್ಲ. ಷೇರಿನ ಬೆಲೆಯನ್ನು ಒಟ್ಟು ಷೇರುಗಳ ಸಂಖ್ಯೆಯಿಂದ ಗುಣಿಸಿ ಬಂದ ಮೊತ್ತದ (ಅದೇ ಮಾರ್ಕೆಟ್ ಕ್ಯಾಪ್) ಮೇಲೆ ಕಂಪನಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಮೊದಲ 100 ಲಾರ್ಜ್, 101ರಿಂದ 250 ಮಿಡ್, ಅಲ್ಲಿಂದಾಚೆಗೆಲ್ಲ ಸ್ಮಾಲ್. 2017ರ ಅಕ್ಟೋಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಎಳೆದ ಗೆರೆ ಇದು. ಆರು ತಿಂಗಳ ಸರಾಸರಿ ಹಿಡಿದು ಮ್ಯೂಚುವಲ್ ಫಂಡ್ ಕಂಪನಿಗಳ ಸಂಘ ಆಂಫಿ ವರ್ಷಕ್ಕೆರಡು ಸಲ ಪಟ್ಟಿ ಬದಲಿಸುತ್ತದೆ.

ಎಡವುವುದು ಇದರ ಮುಂದಿನ ಲೆಕ್ಕದಲ್ಲಿ. ಲಾರ್ಜ್ ಕ್ಯಾಪ್ ಫಂಡಿಗೆ ಲಾರ್ಜ್ ಷೇರು ಕನಿಷ್ಠ ಶೇ 80 ಬೇಕು. ಮಿಡ್, ಸ್ಮಾಲ್ ಫಂಡುಗಳು ತಮ್ಮ ಹೆಸರಿನ ಷೇರು ಶೇ 65 ಇಟ್ಟುಕೊಂಡರೆ ಸಾಕು, ಮಿಕ್ಕ ಶೇ 35 ಮ್ಯಾನೇಜರ್ ಇಷ್ಟ. ಮಲ್ಟಿ ಕ್ಯಾಪ್‌ಗೆ ಮೂರರಲ್ಲೂ ತಲಾ ಕನಿಷ್ಠ ಶೇ 25 ಕಡ್ಡಾಯ. ಫ್ಲೆಕ್ಸಿ ಕ್ಯಾಪ್‌ಗೆ ಆ ಕಟ್ಟೂ ಇಲ್ಲ.

ಹಾಗಾಗಿ ನಾಲ್ಕು ಬಗೆಯ ಫಂಡಿಗೆ ಸಿಪ್ (ತಿಂಗಳ ಕಂತು) ಕಟ್ಟಿದರೂ ಒಳಗೆ ಅವೇ ಬ್ಯಾಂಕು, ಅವೇ ಐಟಿ ಷೇರು ಇರಬಹುದು. ಸಂಬಳವೂ ಐಟಿಯಿಂದಲೇ ಬರುವ ಬೆಂಗಳೂರಿಗರು ಇದನ್ನು ನೋಡಲೇಬೇಕು. ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ ಪ್ರತಿ ತಿಂಗಳ ಪೋರ್ಟ್‌ಫೋಲಿಯೊ ಎಕ್ಸೆಲ್ ಫೈಲ್ ಸಿಗುತ್ತದೆ. ಎರಡು ಫಂಡಿನ ಫೈಲ್ ತೆರೆದು, ಎರಡರಲ್ಲೂ ಇರುವ ಷೇರುಗಳನ್ನು ಗುರುತಿಸಿ. ಒಂದು ಷೇರು ಒಂದರಲ್ಲಿ ಶೇ 9, ಇನ್ನೊಂದರಲ್ಲಿ ಶೇ 6 ಇದ್ದರೆ ಚಿಕ್ಕದನ್ನು, ಅಂದರೆ 6 ಅನ್ನು ಬರೆದುಕೊಳ್ಳಿ. ಹೀಗೆ ಎಲ್ಲವನ್ನೂ ಕೂಡಿಸಿ. ಮೊತ್ತ 50 ದಾಟಿದರೆ ಎರಡನೇ ಫಂಡ್ ದಂಡ. (ಈ 50 ನನ್ನ ಅಳತೆ, ಸೆಬಿಯದ್ದಲ್ಲ.) ಕಂಪನಿಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಪ್ರತಿ ಷೇರಿಗೂ ಬೇರೆಬೇರೆ ಇರುವ ಗುರುತಿನ ಸಂಖ್ಯೆ, ಅಂದರೆ ಐಎಸ್‌ಐಎನ್ ನಂಬರ್ ಹಿಡಿದು ಹೋಲಿಸಿ.

ಸ್ಮಾಲ್ ಕ್ಯಾಪ್ ಷೇರು ಊರಾಚೆಯ ಸೈಟಿನ ಹಾಗೆ. ರೇಟು ಎಲ್ಲರೂ ಹೇಳುತ್ತಾರೆ, ಮಾರಲು ಹೊರಟಾಗ ಗಿರಾಕಿ ಇರಲ್ಲ. ಫಂಡು ದೊಡ್ಡದಾದಷ್ಟೂ ಈ ಪಾಡು ಜಾಸ್ತಿ; ಕೆಲವು ಸ್ಮಾಲ್ ಕ್ಯಾಪ್ ಫಂಡುಗಳು ಒಟ್ಟಿಗೆ ದೊಡ್ಡ ಮೊತ್ತ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೂ ಇದಕ್ಕೇ. 2024ರ ಮಾರ್ಚ್‌ನಿಂದ ಮಿಡ್, ಸ್ಮಾಲ್ ಫಂಡುಗಳು ಸ್ಟ್ರೆಸ್ ಟೆಸ್ಟ್ ಫಲಿತಾಂಶ ಪ್ರಕಟಿಸುತ್ತಿವೆ: ಪೋರ್ಟ್‌ಫೋಲಿಯೊದ ಕಾಲು ಭಾಗ, ಅರ್ಧ ಭಾಗ ಮಾರಲು ಎಷ್ಟು ದಿನ ಬೇಕು ಅಂತ. ಕಳೆದ ವರ್ಷದ ರಿಟರ್ನ್ಸ್ ನೋಡುವ ಮೊದಲು ಆ ದಿನಗಳ ಅಂಕಿ ನೋಡಿ. ಐದು ವರ್ಷದೊಳಗೆ ಫ್ಲ್ಯಾಟಿನ ಮುಂಗಡಕ್ಕೋ ಮಗಳ ಕಾಲೇಜಿಗೋ ಬೇಕಾಗುವ ದುಡ್ಡಾದರೆ ಅದನ್ನೂ ನೋಡುವ ಅಗತ್ಯವಿಲ್ಲ, ಎಫ್‌ಡಿ ಮಾಡಿಸಿ.