ಡ್ರೈವರೂ ಇಲ್ಲ, ನಡುವೆ ಸ್ಟಾಪೂ ಇಲ್ಲ

ನ್ಯೂಯಾರ್ಕಿನ ವ್ಯಾನ್ ವಿಕ್ ಹೆದ್ದಾರಿಯ ಜಾಮ್‌ನಲ್ಲಿ ಕೂತು ಬೈದುಕೊಳ್ಳುವಾಗೆಲ್ಲ, ತಲೆಯ ಮೇಲೆ ಪುಟ್ಟ ರೈಲೊಂದು ಸುಯ್ ಅಂತ ಹೋಗುತ್ತದೆ. ಅದೇ ಜೆಎಫ್‌ಕೆ ವಿಮಾನ ನಿಲ್ದಾಣದ ಏರ್‌ಟ್ರೇನ್. ಈಗ ಊರಿಂದ ಯಾರೇ ಬರಲಿ, ಕಾರು ಬಿಟ್ಟು ಅದರಲ್ಲೇ ಹೋಗುತ್ತೇನೆ.

ಈ ಸಲ ಮಾವನವರು ಬಂದಿದ್ದರು. ಡ್ರೈವರ್ ಇಲ್ಲ ಅಂತ ಗೊತ್ತಾಗಿದ್ದೇ ಹೋಗಿ ಮುಂದಿನ ಗಾಜಿನ ಹತ್ತಿರ ನಿಂತರು. ಹಳಿಗಳ ನಡುವೆ ಉದ್ದಕ್ಕೂ ಚಪ್ಪಟೆ ಲೋಹದ ಪಟ್ಟಿಯೊಂದು ಕಾಣುತ್ತದೆ. ಗಾಡಿಯ ಹೊಟ್ಟೆಯ ಕೆಳಗಿನ ಮೋಟಾರು ಕಾಂತಶಕ್ತಿಯಿಂದ ಆ ಪಟ್ಟಿಯನ್ನು ಹಿಂದಕ್ಕೆ ತಳ್ಳುತ್ತದೆ, ಗಾಡಿ ಮುಂದಕ್ಕೆ ಹೋಗುತ್ತದೆ. ಚಕ್ರಗಳದ್ದು ಭಾರ ಹೊರುವ ಕೆಲಸ ಅಷ್ಟೇ. ಕೆನಡಾದ ವ್ಯಾಂಕೂವರ್‌ನಲ್ಲಿ ಸ್ಕೈಟ್ರೇನ್‌ನ ಹೆಚ್ಚಿನ ಲೈನುಗಳು ಓಡುವುದೂ ಹೀಗೇ.

"ಇಷ್ಟು ಮನೆಗಳಿವೆ, ನಡುವೆ ಒಂದೂ ಸ್ಟಾಪ್ ಇಲ್ವೇನಮ್ಮಾ?" ಅಂದರು ಮಾವ. ಸರಿಯಾದ ಪ್ರಶ್ನೆ. ನ್ಯೂಯಾರ್ಕಿನದೇ ಜಮೈಕಾ ಬಡಾವಣೆಯ ಸ್ಟೇಷನ್ನಿಗೆ ಹೋಗುವ ಕವಲು ಏರ್‌ಪೋರ್ಟ್ ದಾಟಿದ ಮೇಲೆ ಎಲ್ಲೂ ನಿಲ್ಲುವುದಿಲ್ಲ. ಕಾರಣ ದುಡ್ಡು. ಸುಮಾರು 1.9 ಬಿಲಿಯನ್ ಡಾಲರ್ ಖರ್ಚಿನ ದೊಡ್ಡ ಪಾಲು ಬಂದದ್ದು ವಿಮಾನ ಟಿಕೆಟ್ ಜೊತೆ ಆಗ ವಸೂಲಿ ಮಾಡುತ್ತಿದ್ದ 3 ಡಾಲರ್ ಶುಲ್ಕದಿಂದ. ಆ ದುಡ್ಡನ್ನು ಏರ್‌ಪೋರ್ಟ್ ಕೆಲಸಕ್ಕಷ್ಟೇ ಬಳಸಬೇಕು ಅಂತ ಕಾನೂನು. ಅದನ್ನು ಈ ರೈಲಿಗೆ ಬಳಸಬಾರದು ಅಂತ ವಿಮಾನ ಕಂಪನಿಗಳು ಕೋರ್ಟಿಗೂ ಹೋಗಿದ್ದವು. ಹಾಗಾಗಿ ಕಂಬಗಳ ಪಕ್ಕದಲ್ಲೇ ಮನೆಯಿದ್ದವರಿಗೆ ಕೆಲಸದ ಧೂಳು, ಗದ್ದಲ ಸಿಕ್ಕಿತು, ಸ್ಟೇಷನ್ ಸಿಗಲಿಲ್ಲ. ಮ್ಯಾನ್‌ಹಟನ್‌ಗೆ ನೇರ ರೈಲೂ ಆಗಲಿಲ್ಲ. ಸೂಟ್‌ಕೇಸ್ ಎಳೆದುಕೊಂಡು ಜಮೈಕಾದಲ್ಲೋ ಹೊವಾರ್ಡ್ ಬೀಚ್‌ನಲ್ಲೋ ಇಳಿದು ಬದಲಿಸಲೇಬೇಕು. ನನ್ನ ಪ್ರಕಾರ ಎಂಜಿನಿಯರ್‌ಗಳಿಗಿಂತ ಜಾಸ್ತಿ ಈ ಲೈನಿನ ನಕ್ಷೆ ಬರೆದವರು ವಕೀಲರು.

ಇನ್ನೊಂದು ವಿಷಯ ಮಾವನವರಿಗೆ ರೈಲಿನಲ್ಲಿ ಹೇಳಲಿಲ್ಲ. 2002ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯ ಓಟ ನಡೆಯುತ್ತಿದ್ದಾಗ ಗಾಡಿಯನ್ನು ಮನುಷ್ಯರೇ ಓಡಿಸುತ್ತಿದ್ದರು. ಜನರ ಭಾರದ ಬದಲು ಒಳಗೆ ಕಾಂಕ್ರೀಟ್ ದಿಮ್ಮಿ ಇಟ್ಟಿದ್ದರು, ಸರಿಯಾಗಿ ಬಿಗಿದಿರಲಿಲ್ಲ. ಗಾಡಿ ತಿರುವಿಗೆ ಜೋರಾಗಿ ಬಂದು ಹಳಿ ತಪ್ಪಿತು, ದಿಮ್ಮಿಗಳು ಜಾರಿದವು. ಓಡಿಸುತ್ತಿದ್ದ ಯುವಕ ತೀರಿಕೊಂಡ. ಲೈನ್ ಶುರುವಾದದ್ದು ಮುಂದಿನ ವರ್ಷ ಡಿಸೆಂಬರ್ 17ಕ್ಕೆ, ರೈಟ್ ಸಹೋದರರು ಮೊದಲು ಹಾರಿ ಸರಿಯಾಗಿ ನೂರು ವರ್ಷಕ್ಕೆ.

ಟರ್ಮಿನಲ್‌ಗಳ ನಡುವೆ ಓಡಾಟ ಪುಕ್ಕಟೆ. ಆದರೆ ಜಮೈಕಾದಲ್ಲಿ ಗೇಟ್ ದಾಟಲು ಆಗ 5 ಡಾಲರ್ ಇದ್ದದ್ದು ಈಗ 8 ದಾಟಿದೆ. ಮಾವ ಅದನ್ನು ರೂಪಾಯಿಗೆ ಲೆಕ್ಕ ಹಾಕಿ, "ಡ್ರೈವರ್ ಸಂಬಳ ಉಳೀತಲ್ಲ, ಮತ್ಯಾಕೆ ಇಷ್ಟು?" ಅಂದರು.