ಬೆನ್ನಿನ ನೀರಿಗೆ ಸಹಿ ಹಾಕಿದ ರಾತ್ರಿ

ಭಾವನ ಕುತ್ತಿಗೆಗೆ ಬಾಮ್ ಹಚ್ಚಿ ತಿಕ್ಕಿದ್ದು ನಾನೇ. ಒತ್ತಿ ಒತ್ತಿ ತಿಕ್ಕಿದ್ದೆ. ಈಗಲೂ ಆ ವಾಸನೆ ಬಂದರೆ ಹೊಟ್ಟೆಯೊಳಗೆ ಒಂಥರಾ ಆಗುತ್ತೆ.

ಆಷಾಢದ ಮಳೆ. ಶನಿವಾರ ಬೆಳಗ್ಗೆ ಬೆಂಗಳೂರಿನ ಬಸ್ಸಿಳಿದು ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಭಾವನಿಗೆ 52 ವರ್ಷ, ಶುಗರ್ ಇದೆ. ಸಣ್ಣವರಿದ್ದಾಗಿಂದ ಎಡಗಿವಿ ಸೋರುತ್ತೆ, ಮಳೆಗಾಲದಲ್ಲಿ ಜಾಸ್ತಿ. ಅದನ್ನು ಅವರು ಕಾಯಿಲೆ ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ, ಹತ್ತಿ ತುರುಕಿಕೊಂಡು ತೋಟಕ್ಕೆ ಹೋಗುತ್ತಿದ್ದರು. ಆ ವಾರ ನೆಗಡಿಯ ಜತೆ ಕಿವಿನೋವೂ ಶುರುವಾಗಿ, ಅಕ್ಕ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಿದ್ದಳು. ಶುಕ್ರವಾರ ರಾತ್ರಿ ಜ್ವರ ಬಂತು.

ನಮ್ಮ ಹತ್ತಿರ ಎಲ್ಲದಕ್ಕೂ ಕಾರಣ ಇತ್ತು. ಜ್ವರ ಬಂದಿದ್ದು ಮಳೆಯಲ್ಲಿ ನೆಂದಿದ್ದಕ್ಕೆ. ತಲೆನೋವು, ವಾಂತಿ ಪಿತ್ತಕ್ಕೆ. ಕುತ್ತಿಗೆ ಹಿಡಿದಿದ್ದು ಹೊಸ ದಿಂಬಿನಿಂದ. ಪೇಟೆಯಲ್ಲಿ ಒಬ್ಬರು ಡಾಕ್ಟರಿಗೆ ತೋರಿಸಿದ್ದಕ್ಕೆ ಜ್ವರದ ಮಾತ್ರೆ, ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು. ಕುತ್ತಿಗೆ ಅವರೂ ಮುಟ್ಟಲಿಲ್ಲ. ನಾನು ಮುಟ್ಟಿದೆ, ಬಾಮ್ ಹಚ್ಚೋಕೆ.

ಸಂಜೆ ಲೈಟ್ ಹಾಕಿದ ಕೂಡಲೇ ಭಾವ ಕಂಬಳಿ ಮುಖಕ್ಕೆ ಎಳೆದುಕೊಂಡರು. ಕಷಾಯ ಕುಡಿಸೋಣ ಅಂತ ತಲೆಯ ಕೆಳಗೆ ಕೈಯಿಟ್ಟು ಎತ್ತಿದೆ. ಕುತ್ತಿಗೆ ಬಗ್ಗಲೇ ಇಲ್ಲ, ತಲೆಯ ಜತೆ ಬೆನ್ನೂ ಹಲಗೆಯ ಹಾಗೆ ಮೇಲೆದ್ದು ಬಂತು. ಉಳುಕಿದ ಕುತ್ತಿಗೆ ಹೀಗಿರಲ್ಲ. ಉಳುಕಿದ್ದರೆ ಪಕ್ಕಕ್ಕೆ ತಿರುಗಿಸುವಾಗ ನೋವಾಗಬೇಕಿತ್ತು, ಭಾವನಿಗೆ ಗದ್ದ ಎದೆಗೆ ತರೋದೇ ಆಗುತ್ತಿರಲಿಲ್ಲ. ಆದರೆ ಇದೆಲ್ಲ ಹೊಳೆದಿದ್ದು ಆಮೇಲೆ. ಆ ಹೊತ್ತಿಗೆ ಹೆದರಿಸಿದ್ದು ಅವರ ಮಾತು: "ಅಡಿಕೆ ಸುಲಿಯೋರಿಗೆ ಕಾಫಿ ಆಯ್ತೇನೇ?" ಕೊಯ್ಲಿಗೆ ಇನ್ನೂ ಮೂರು ತಿಂಗಳಿತ್ತು. ಅಕ್ಕ ನನ್ನ ಮುಖ ನೋಡಿದಳು.

ಪಕ್ಕದ ಮನೆಯವರ ಜೀಪಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. 60 ಕಿಲೋಮೀಟರ್. ಎದುರಿಂದ ಬರುವ ಲಾರಿಗಳ ಲೈಟಿಗೆ ಅವರು ನರಳುತ್ತಿದ್ದರು, ಟವೆಲ್ಲಿಂದ ಕಣ್ಣು ಮುಚ್ಚಿ ಹಿಡಿದಿದ್ದೆ. ಜೀಪಿನವರು ಮಂಗನ ಕಾಯಿಲೆ ಇರಬಹುದಾ ಅಂದರು. ನಮ್ಮ ಕಡೆ ಜ್ವರ ಅಂದರೆ ಮೊದಲು ನೆನಪಾಗೋದೇ ಅದು, ಆದರೆ ಉಣುಗು ಕಚ್ಚಿ ಬರುವ ಆ ಕಾಯಿಲೆಯ ಕಾಲ ಬೇಸಿಗೆ, ಜಡಿಮಳೆಯಲ್ಲಲ್ಲ.

ಎಮರ್ಜೆನ್ಸಿಯಲ್ಲಿದ್ದ ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಕುತ್ತಿಗೆ ಬಗ್ಗಿಸಿ ನೋಡಿದರು, ಕಿವಿಯ ಹತ್ತಿ ತೆಗೆದು ಮೂಸಿದರು, ಮೈಮೇಲೆ ಎಲ್ಲಾದರೂ ಕೆಂಪು ನೇರಳೆ ಚುಕ್ಕೆ ಎದ್ದಿವೆಯಾ ಅಂತ ಹುಡುಕಿದರು. "ಮೆನಿಂಜೈಟಿಸ್ ಅನ್ಸುತ್ತೆ, ಮೆದುಳಿನ ಪೊರೆಗೆ ಸೋಂಕು. ಸ್ಕ್ಯಾನ್ ಆಗ್ಲಿ ಅಂತ ಕಾಯ್ತಾ ಕೂರೋಕಾಗಲ್ಲ" ಅಂದವರೇ ಪರೀಕ್ಷೆಗೆ ರಕ್ತ ತೆಗೆದು, ಬಾವು ಇಳಿಸೋ ಡೆಕ್ಸಾಮೆಥಾಸೋನ್ ಕೊಟ್ಟು, ಹಿಂದೆಯೇ ಆ್ಯಂಟಿಬಯೋಟಿಕ್ ಡ್ರಿಪ್ ಹಾಕಿಸಿಬಿಟ್ಟರು. ಸೆಫ್ಟ್ರಿಯಾಕ್ಸೋನ್, ವ್ಯಾಂಕೊಮೈಸಿನ್, ಮತ್ತೆ 50 ದಾಟಿದವರಿಗೆ ಅಂತ ಆ್ಯಂಪಿಸಿಲಿನ್. ರೋಗದ ಹೆಸರು ಪಕ್ಕಾ ಆಗುವ ಮೊದಲೇ ಔಷಧ ಶುರು. ಆಗ ವಿಚಿತ್ರ ಅನ್ನಿಸಿತ್ತು. ಭಾವ ಬದುಕಿದ್ದೇ ಅದರಿಂದ ಅಂತ ಈಗ ಗೊತ್ತು.

ಸ್ಕ್ಯಾನ್‌ನಲ್ಲಿ ಮೆದುಳು ಬಾತಿರಲಿಲ್ಲ, ಕಿವಿ ಹಿಂದಿನ ಮೂಳೆಯಲ್ಲಿ ಮಾತ್ರ ಕೀವು ಕಂಡಿತ್ತು. ಇನ್ನು ಯಾವ ಸೋಂಕು ಅಂತ ನೋಡೋಕೆ ಬೆನ್ನುಮೂಳೆಯೊಳಗಿನ ನೀರು ಸೂಜಿಯಿಂದ ತೆಗೀಬೇಕು, ಸಹಿ ಹಾಕಿ ಅಂದರು. ಅಕ್ಕ ಪೆನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ನೆಂಟರು ಒಬ್ಬರಾದ ಮೇಲೊಬ್ಬರು: ಬೇಡ, ನೀರು ತೆಗೆದರೆ ಕಾಲು ಬಿದ್ದು ಹೋಗುತ್ತೆ, ನಮ್ಮೂರಲ್ಲಿ ಒಬ್ಬರಿಗೆ ಹಾಗೇ ಆಗಿದೆ. ನಿಜ ಹೇಳಬೇಕಂದರೆ ನಾನೂ ಅದನ್ನೇ ನಂಬಿದ್ದೆ.

ಡಾಕ್ಟರಮ್ಮ ರೇಗಲಿಲ್ಲ. ಒಂದು ಚೀಟಿಯ ಹಿಂದೆ ಬೆನ್ನುಮೂಳೆ ಗೀಚಿದರು. "ನೋಡಿ, ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದು ಹೋಗುತ್ತೆ. ನಾವು ಚುಚ್ಚೋದು ಅದಕ್ಕಿಂತ ಕೆಳಗೆ. ಅಲ್ಲಿರೋದು ನೀರಲ್ಲಿ ತೇಲೋ ನರದ ಎಳೆಗಳು, ಸೂಜಿ ಬಂದರೆ ಪಕ್ಕಕ್ಕೆ ಸರಿದುಕೊಳ್ಳುತ್ತವೆ. ಒಂದೆರಡು ದಿನ ತಲೆನೋವು ಬರಬಹುದು. ಕಾಲು ಹೋದವರಿಗೆ ಕಾಯಿಲೆಯಿಂದ ಹೋಗಿರುತ್ತಮ್ಮ, ಬೈಗುಳ ಮಾತ್ರ ಸೂಜಿಗೆ." ಅಕ್ಕ ಆ ಚೀಟಿಯನ್ನು ಎಷ್ಟೋ ಹೊತ್ತು ನೋಡಿ, ಫೋನ್ ಆಫ್ ಮಾಡಿ, ಸಹಿ ಹಾಕಿದಳು.

ಭಾವನನ್ನು ಮಂಡಿ ಹೊಟ್ಟೆಗೆ ಬರುವ ಹಾಗೆ ಮಗ್ಗುಲಲ್ಲಿ ಮುದುರಿಸಿ ಮಲಗಿಸಿದರು. ನಾನು ಭುಜ ಹಿಡಿದುಕೊಂಡಿದ್ದೆ. ಸಣ್ಣ ಬಾಟಲಿಗೆ ಹನಿ ಹನಿಯಾಗಿ ಬಿದ್ದ ನೀರು ಅಕ್ಕಿಗಚ್ಚಿನ ಹಾಗೆ ಮಬ್ಬಾಗಿತ್ತು. ನಲ್ಲಿ ನೀರಿನಷ್ಟು ತಿಳಿಯಾಗಿರಬೇಕಂತೆ. ಅದರಲ್ಲಿ ಸಿಕ್ಕಿದ್ದು ನ್ಯೂಮೊಕಾಕಸ್, ನ್ಯುಮೋನಿಯಾ ತರೋ ಬ್ಯಾಕ್ಟೀರಿಯಾ. ಹೆಸರು ಗೊತ್ತಾದ ಮೇಲೆ ಆ್ಯಂಪಿಸಿಲಿನ್ ನಿಲ್ಲಿಸಿದರು.

ಮೂರನೇ ದಿನ ಕಣ್ಣು ಬಿಟ್ಟು "ನೀನ್ಯಾವಾಗ ಬಂದೆ ಮಾರಾಯ?" ಅಂದರು. ಡೆಕ್ಸಾಮೆಥಾಸೋನ್ ನಾಲ್ಕು ದಿನ, ಆ್ಯಂಟಿಬಯೋಟಿಕ್ ಪೂರ್ತಿ 14 ದಿನ.

ನಮಗೂ ಅಂಟುತ್ತಾ ಅಂತ ಡಾಕ್ಟರಮ್ಮನನ್ನು ಕೇಳಿದೆ. ಇದಕ್ಕೆ ಮನೆಯವರು ಮಾತ್ರೆ ತಗೊಳ್ಳೋದು ಬೇಡ, ಮೆನಿಂಗೊಕಾಕಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಆಗಿದ್ದರೆ ಜತೆಗಿದ್ದವರೆಲ್ಲ ತಗೋಬೇಕಿತ್ತು ಅಂದರು. ಪಕ್ಕದ ಬೆಡ್‌ನವರ ಅಳಿಯ ಹಜ್‌ಗೆ ಹೋಗುವ ಮೊದಲು ಹಾಕಿಸಿಕೊಂಡಿದ್ದ ಲಸಿಕೆ ಆ ಮೆನಿಂಗೊಕಾಕಸ್‌ದೇ ಅಂತೆ. ಭಾವನಿಗೆ ಬೇಕಿದ್ದಿದ್ದು ನ್ಯೂಮೊಕಾಕಸ್ ಲಸಿಕೆ. ಶುಗರ್ ಇರುವವರಿಗೆ ಅದನ್ನು ಹಾಕಿಸಿ ಅಂತಾರೆ, ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ದೊಡ್ಡವರಿಗೂ ಲಸಿಕೆ ಇರುತ್ತೆ ಅನ್ನೋದೇ ನಮ್ಮ ಮನೆಯಲ್ಲಿ ಹೊಸ ಸುದ್ದಿ.

ಎಡಗಿವಿ ಪೂರ್ತಿ ಹೋಯಿತು. ಈ ಕಾಯಿಲೆ ಆಗಾಗ ಕಿವಿಯನ್ನೇ ಬಲಿ ತಗೊಳ್ಳುತ್ತಂತೆ. ಕೀವು ಇದ್ದ ಮೂಳೆಗೆ ಆಪರೇಷನ್ ಆಯಿತು, ಸೋರೋದು ನಿಂತಿತು. ದೀಪಾವಳಿಗೆ ಹೋದಾಗ ಭಾವ ಲಸಿಕೆ ಹಾಕಿಸಿಕೊಂಡು ಬಂದು, ಅದರ ರೇಟಿಗೆ ಎಷ್ಟು ಕೆ.ಜಿ. ಅಡಿಕೆ ಆಯಿತು ಅಂತ ಲೆಕ್ಕ ಹಾಕುತ್ತಾ ಕೂತಿದ್ದರು. ನಾನು ಎಡಗಡೆ ಕೂತು ಏನೋ ಹೇಳಿದೆ. "ಈ ಕಡೆ ಬಾ ಮಾರಾಯ, ಅದು ರಿಟೈರ್ ಆಗಿದೆ" ಅಂದು ಬಲಗಡೆ ಕುರ್ಚಿ ಎಳೆದರು.